ತಣ್ಣೀರಿನ ಒಂದು ಗುಟುಕು

ಕಳೆದ ವರ್ಷ ಆರು ತಿಂಗಳಿಗೂ ಜಾಸ್ತಿ ನಾನು ತಣ್ಣೀರು ಕುಡಿದಿರಲಿಲ್ಲ. ಕುಡಿಯೋದು ಹಾಗಿರಲಿ, ನಲ್ಲಿ ಕೆಳಗೆ ಕೈ ಒಡ್ಡಿದರೂ ಬೆರಳ ತುದಿಗೆ ಕರೆಂಟ್ ಹೊಡೆದ ಹಾಗಾಗುತ್ತಿತ್ತು. ಫ್ರಿಜ್ ಬಾಗಿಲು ತೆಗೆಯಲು ಉಣ್ಣೆಯ ಕೈಗವಸು. ಸ್ಟೀಲ್ ಲೋಟ ಹಿಡಿಯುವ ಮೊದಲು ಅದಕ್ಕೆ ಬಟ್ಟೆ ಸುತ್ತಬೇಕು. ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಮದ್ದಿನ ಗುಣ ಅದು. ನರಗಳನ್ನು ಕೆಣಕುತ್ತದೆ, ತಣ್ಣಗಿನದು ತಾಗಿದರೆ ಇನ್ನೂ ಜಾಸ್ತಿ. ತಣ್ಣೀರು ಗಂಟಲಿಗಿಳಿದರೆ ಉಸಿರೇ ಕಟ್ಟಿದ ಹಾಗನಿಸುತ್ತದೆ. ನಿಜವಾಗಿ ಕಟ್ಟುವುದಿಲ್ಲ, ಡಾಕ್ಟರು ಮೊದಲೇ ಹೇಳಿರುತ್ತಾರೆ. ಆದರೆ ಆ ಹೊತ್ತಿಗೆ ಅದೆಲ್ಲ ಯಾರಿಗೆ ನೆನಪಿರುತ್ತದೆ?

ಬೆರಳು, ಪಾದ ಜೋಮು ಹಿಡಿದದ್ದು ಬಿಡದೇ ಹೋದಾಗ ಆ ಒಂದು ಮದ್ದನ್ನು ನಿಲ್ಲಿಸಿದರು. ಉಳಿದದ್ದು ಮುಂದುವರಿಯಿತು. ಕೆಲವು ವಾರ ಕಳೆದಿತ್ತು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಸುಮ್ನೆ ಒಂದು ಹನಿ ತಣ್ಣೀರನ್ನು ತುಟಿಗೆ ಹಚ್ಚಿಕೊಂಡೆ. ಏನೂ ಆಗಲಿಲ್ಲ. ಇನ್ನೊಂದು ಹನಿ ನಾಲಿಗೆಗೆ. ಆಮೇಲೆ ಅರ್ಧ ಲೋಟ ತುಂಬಿಸಿಕೊಂಡು, ಕುರ್ಚಿಯಲ್ಲಿ ಕೂತು, ಕಳ್ಳಿಯ ಹಾಗೆ ಬಾಗಿಲ ಕಡೆ ಒಮ್ಮೆ ನೋಡಿ, ಒಂದು ಗುಟುಕು ಕುಡಿದೆ. ನೀರು ಹಲ್ಲಿನ ಹಿಂದೆ ಒಂದು ಕ್ಷಣ ನಿಂತಿತು, ಗಂಟಲಲ್ಲಿ ಇಳಿಯಿತು, ಎದೆಮೂಳೆಯ ಹಿಂದೆ ಗೆರೆ ಎಳೆದ ಹಾಗೆ ಕೆಳಗೆ ಹೋಯಿತು. ಎಲ್ಲಿವರೆಗೆ ಹೋಯಿತು ಅಂತ ಬೆರಳಿಟ್ಟು ತೋರಿಸಬಹುದಿತ್ತು. ನನಗೆ 52 ವರ್ಷ. ನೀರು ಒಳಗೆ ಇಳಿಯುವ ದಾರಿ ಗೊತ್ತಾದದ್ದು ಅವತ್ತೇ.

ನನ್ನದು ದೊಡ್ಡ ಕರುಳಿನ ಕ್ಯಾನ್ಸರ್, ನಾಲ್ಕನೇ ಹಂತ. ಲಿವರಿಗೆ ಹರಡಿದೆ. ನನ್ನ ವಿಷಯದಲ್ಲಿ ಇದು ವಾಸಿಯಾಗುವಂಥದ್ದಲ್ಲ, ಆದಷ್ಟು ದಿನ ಹಿಡಿದಿಡುವಂಥದ್ದು. ಗೊತ್ತಾಗಿ ಎರಡು ವರ್ಷ ದಾಟಿದೆ. ಈ ಎರಡು ವರ್ಷದಲ್ಲಿ ಖುಷಿಯಾಗಿದ್ದೀಯಾ ಅಂತ ನನ್ನನ್ನು ಕೇಳಿದವರು ಕಡಿಮೆ. ಕೇಳಬೇಕು ಅನಿಸಿದವರಿಗೂ ಬಾಯಿ ಬರುವುದಿಲ್ಲ. ಉತ್ತರ ಹೌದು. ದಿನದ ಲೆಕ್ಕದಲ್ಲಿ ಹೇಳಲಾರೆ, ನಿಮಿಷದ ಲೆಕ್ಕದಲ್ಲಿ ಹೇಳಬಲ್ಲೆ. ಆ ನಿಮಿಷಗಳನ್ನು ಮೊದಮೊದಲು ಹೇಗೆ ಹಾಳು ಮಾಡಿಕೊಂಡೆ, ಆಮೇಲೆ ಹಾಳು ಮಾಡದೆ ಇರಲು ಹೇಗೆ ಕಲಿತೆ ಅನ್ನೋದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲಿ ಬಂದದ್ದು ಒಂದು ಸಂಖ್ಯೆ. ಇನ್ನೆಷ್ಟು ಕಾಲ ಅಂತ ನಾನಾಗೇ ಕೇಳಿ ತಂದುಕೊಂಡದ್ದು. ಡಾಕ್ಟರು ಸುತ್ತಿಬಳಸಿ, ಮೀಡಿಯನ್ ಅಂತ ಒಂದು ಪದ ಸೇರಿಸಿ, ತಿಂಗಳಲ್ಲಿ ಒಂದು ಲೆಕ್ಕ ಕೊಟ್ಟರು. ಮನೆಗೆ ಬಂದು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಪುಟ ತಿರುವಿದೆ. ದಿನಾ ನಿಲ್ಲುತ್ತಿದ್ದೆ. 26 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಮೀಡಿಯನ್ ಅಂದರೆ ಮಧ್ಯಾಂಕ. ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೇನೋ! ಕ್ಲಾಸಿನ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಎತ್ತರ. ಅರ್ಧ ಜನ ಅವರಿಗಿಂತ ಗಿಡ್ಡ, ಅರ್ಧ ಜನ ಅವರಿಗಿಂತ ಉದ್ದ. ಎಷ್ಟು ಉದ್ದ ಅಂತ ಮಧ್ಯಾಂಕ ಹೇಳುವುದೇ ಇಲ್ಲ. ಪರೀಕ್ಷೆಯಲ್ಲಿ ಕೇಳಿದ್ದರೆ ಥಟ್ಟನೆ ಬರೆಯುತ್ತಿದ್ದೆ. ನನ್ನದೇ ಲೆಕ್ಕ ಬಂದಾಗ ಮರೆತುಬಿಟ್ಟೆ. ಮಾತ್ರೆ ಪಟ್ಟಿಯ ಹಿಂದೆ ಅಚ್ಚು ಹಾಕಿರುವ ಎಕ್ಸ್‌ಪೈರಿ ಡೇಟ್ ಥರ ಓದಿಕೊಂಡೆ.

ಸ್ಟೀಫನ್ ಜೇ ಗೌಲ್ಡ್ ಅಂತ ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಒಬ್ಬರಿದ್ದರು. 1982ರಲ್ಲಿ ಅವರಿಗೆ ಹೊಟ್ಟೆಯ ಮೆಸೋಥೆಲಿಯೋಮಾ ಅನ್ನುವ ಅಪರೂಪದ ಕ್ಯಾನ್ಸರ್ ಪತ್ತೆಯಾಯಿತು. ಆ ರೋಗಕ್ಕೆ ಆಗ ಮಧ್ಯಾಂಕ 8 ತಿಂಗಳು. ಅವರು ಕೂತು ಲೆಕ್ಕ ಹಾಕಿದ್ದು ಉಳಿದ ಅರ್ಧ ಜನರದ್ದು. ಯಾರು ಎಷ್ಟು ಕಾಲ ಬದುಕಿದರು ಅನ್ನುವ ಗ್ರಾಫ್ ಎಡಗಡೆ ಸೊನ್ನೆಗೆ ಬಂದು ನಿಂತುಬಿಡುತ್ತದೆ, ಅದಕ್ಕಿಂತ ಹಿಂದೆ ಹೋಗಲು ಜಾಗವಿಲ್ಲ. ಬಲಗಡೆ ಮಾತ್ರ ಬಾಲ ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ. ಅವರು 20 ವರ್ಷ ಬದುಕಿ, 2002ರಲ್ಲಿ ಬೇರೆಯೇ ಕ್ಯಾನ್ಸರಿನಿಂದ ತೀರಿಕೊಂಡರು. ಇದನ್ನು ಧೈರ್ಯ ತುಂಬೋಕೆ ಹೇಳುತ್ತಿಲ್ಲ. ಬಾಲದ ಮೇಲೆ ನನಗೆ ಜಾಗ ಇದೆ ಅಂತ ಯಾರೂ ಬರೆದುಕೊಟ್ಟಿಲ್ಲ. ‘ಗೊತ್ತಿಲ್ಲ’ ಅನ್ನುವುದೂ ಒಂದು ಸರಿಯುತ್ತರ ಅಂತ ಒಪ್ಪಿಕೊಂಡೆ ಅಷ್ಟೇ. ಕ್ಯಾಲೆಂಡರ್ ಮುಂದೆ ನಿಲ್ಲುವ ಚಾಳಿ ಹೋಯಿತು.

ಅದು ಹೋಯಿತು ಅಂತ ಖುಷಿ ಏನೂ ಓಡಿ ಬರಲಿಲ್ಲ. ನಾನು ಅದರ ಬೆನ್ನಟ್ಟಿದೆ. ಇದು ನಾನು ಮಾಡಿದ ದೊಡ್ಡ ತಪ್ಪು.

ಒಂದು ನೋಟ್‌ಬುಕ್ ತಂದು ಪಟ್ಟಿ ಮಾಡಿದೆ. ನೋಡಬೇಕಾದ ಜಾಗ, ಮಾಡಬೇಕಾದ ಕೆಲಸ, ಮಗಳ ಜೊತೆ ಆಡಬೇಕಾದ ಮಾತು. ಪಟ್ಟಿಯ ಮೊದಲನೆಯದು ಸಮುದ್ರ. ಮೂವರೂ ಹೋದೆವು. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಎಲ್ಲರನ್ನೂ ದಡದಲ್ಲಿ ಸಾಲಾಗಿ ಕೂರಿಸಿದೆ. ‘ಫೋನ್ ಒಳಗಿಡಿ’ ಅಂದೆ. ಆಮೇಲೆ ನಾನೇ ಫೋನ್ ತೆಗೆದು ಫೋಟೋ ತೆಗೆಯಲು ಶುರು ಮಾಡಿದೆ. ಯಜಮಾನರು ಸುಮ್ಮನೆ ನಗುತ್ತಿದ್ದರು, ಫೋಟೋಗೆ ನಗುವ ಹಾಗೆ. ನನ್ನ ತಲೆಯೊಳಗೆ ಒಂದೇ ಮಾತು: ಇದು ಕೊನೇ ಸಲ ಇರಬಹುದು, ಸರಿಯಾಗಿ ನೋಡು, ಸರಿಯಾಗಿ ನೋಡು. ರಾತ್ರಿ ಮಗಳು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ನಾನು ಬಾಗಿಲು ಬಡಿದು, "ಬಂದಿರೋದೇ ಎರಡು ದಿನ, ಅದನ್ನೂ ಹಾಳು ಮಾಡ್ತೀಯಲ್ಲ" ಅಂತ ಬೈದೆ. ಈ ಮಾತು ಈಗಲೂ ಚುಚ್ಚುತ್ತದೆ.

ಆ ಎರಡು ದಿನದ್ದು 412 ಫೋಟೋ ಇವೆ. ಅಲೆಯ ಸದ್ದು ಒಂದು ಚೂರೂ ನೆನಪಿಲ್ಲ.

ಆಮೇಲೆ ಓದಿದಾಗ ಗೊತ್ತಾಯಿತು, ಇದರಲ್ಲಿ ನಾನೊಬ್ಬಳೇ ದಡ್ಡಿ ಅಲ್ಲ ಅಂತ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಜನರಿಗೆ ಸಂಗೀತ ಕೇಳಿಸಿದ್ದರು. ಕೆಲವರಿಗೆ ಸುಮ್ನೆ ಕೇಳಿ ಅಂದರು. ಕೆಲವರಿಗೆ, ಕೇಳುತ್ತಾ ಆದಷ್ಟು ಖುಷಿಪಡಲು ಪ್ರಯತ್ನ ಮಾಡಿ ಅಂದರು. ಪ್ರಯತ್ನ ಮಾಡಿದವರಿಗೇ ಖುಷಿ ಕಡಿಮೆಯಾಗಿತ್ತು. ಫೋಟೋ ವಿಷಯದಲ್ಲೂ ಹಾಗೇ. 2014ರ ಇನ್ನೊಂದು ಅಧ್ಯಯನದಲ್ಲಿ ಮ್ಯೂಸಿಯಂ ಸುತ್ತಿದವರಿಗೆ, ಬರೀ ಕಣ್ಣಲ್ಲಿ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳೇ ಕಡಿಮೆ ನೆನಪಿದ್ದವು. ಅದರಲ್ಲೊಂದು ತಮಾಷೆ ಇದೆ: ವಸ್ತುವಿನ ಒಂದು ಭಾಗವನ್ನು ಮಾತ್ರ ಝೂಮ್ ಮಾಡಿ ತೆಗೆದವರ ನೆನಪು ಹಾಗೆ ಮಾಸಿರಲಿಲ್ಲ. ಸಮುದ್ರವನ್ನೆಲ್ಲ ಹಿಡಿಯಲು ಹೋಗದೆ ಮಗಳ ಕಾಲ ಮೇಲಿನ ಮರಳನ್ನು ಮಾತ್ರ ನೋಡಿದ್ದರೆ ನನಗೂ ಏನಾದರೂ ಉಳಿಯುತ್ತಿತ್ತೇನೋ.

ನೋಟ್‌ಬುಕ್ಕಿನ ಪಟ್ಟಿ ಅಲ್ಲಿಗೇ ನಿಂತಿತು. ಉಳಿದ ಹಾಳೆಗಳಲ್ಲಿ ಈಗ ಮಾತ್ರೆಗಳ ಲೆಕ್ಕ ಇದೆ.

ಇನ್ನು ನೋವಿನ ಮಾತು. ಚಿಕ್ಕ ಚಿಕ್ಕ ಕ್ಷಣಗಳನ್ನು ಸವಿಯಿರಿ ಅಂತ ಬರೆಯುವವರು ಇದನ್ನು ಯಾಕೆ ಬಿಡುತ್ತಾರೋ ಗೊತ್ತಿಲ್ಲ. ಪಕ್ಕೆಲುಬಿನ ಕೆಳಗೆ ಯಾರೋ ಮೊಣಕೈ ಇಟ್ಟು ಒತ್ತುತ್ತಿರುವಾಗ ಕಿಟಕಿಯ ಹಕ್ಕಿ ಕಾಣುವುದಿಲ್ಲ. ಕಂಡರೂ ಅದರ ಮೇಲೆ ಸಿಟ್ಟು ಬರುತ್ತದೆ. ನಾನು ಮೂರು ತಿಂಗಳು ನೋವನ್ನು ಹಲ್ಲುಕಚ್ಚಿ ತಡೆದೆ. ನೋವು, ಸಂಕಟ ಕಡಿಮೆ ಮಾಡಲು ನೋಡುವ ಪ್ಯಾಲಿಯೇಟಿವ್ ವಿಭಾಗಕ್ಕೆ ಹೋಗಿ ಅಂದಾಗ ‘ಅಷ್ಟು ಬೇಗನಾ?’ ಅಂದೆ. ಅದು ಕೊನೆಯ ವಾರದವರು ಹೋಗುವ ಜಾಗ ಅಂದುಕೊಂಡಿದ್ದೆ.

ಅಲ್ಲ. 2010ರಲ್ಲಿ ಅಮೆರಿಕದಲ್ಲಿ 151 ಜನ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಎಲ್ಲರದ್ದೂ ಹರಡಿದ ಕ್ಯಾನ್ಸರ್. ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಶುರುವಿನಿಂದಲೇ ಪ್ಯಾಲಿಯೇಟಿವ್ ಆರೈಕೆಯನ್ನೂ ಕೊಟ್ಟರು. ಅವರ ದಿನಗಳು ಹೆಚ್ಚು ನೆಮ್ಮದಿಯಾಗಿದ್ದವು, ಖಿನ್ನತೆ ಕಡಿಮೆ ಇತ್ತು. ಬದುಕಿದ ಕಾಲದ ಮಧ್ಯಾಂಕ 11.6 ತಿಂಗಳು, ಉಳಿದವರದ್ದು 8.9. ನೋಡಿ, ಮತ್ತೆ ಅದೇ ಮಧ್ಯಾಂಕ, ಈ ಸಲ ನನ್ನ ಪರವಾಗಿ.

ಅಲ್ಲಿನ ಡಾಕ್ಟರಮ್ಮ ನೋವು ಹತ್ತಕ್ಕೆ ಎಷ್ಟು ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದರು: "ಈ ನೋವು ನಿಮ್ಮನ್ನ ಏನು ಮಾಡೋಕೆ ಬಿಡ್ತಿಲ್ಲ?" ಇದನ್ನು ಯಾರೂ ಕೇಳಿರಲಿಲ್ಲ. ಯೋಚಿಸಿ, "ಮಗಳಿಗೆ ಜಡೆ ಹಾಕೋಕೆ ಆಗ್ತಿಲ್ಲ. ಕೂರೋಕಾಗಲ್ಲ" ಅಂದೆ. ಹೇಳಿದ ಮೇಲೆ ನಾಚಿಕೆಯಾಯಿತು. ಇಷ್ಟು ದೊಡ್ಡ ಕಾಯಿಲೆಗೆ ಇಷ್ಟು ಸಣ್ಣ ದೂರು. ಅವರು ಅದನ್ನೇ ಫೈಲಿನಲ್ಲಿ ಬರೆದುಕೊಂಡರು. ಮಾರ್ಫಿನ್ ಸಣ್ಣ ಡೋಸ್‌ನಲ್ಲಿ ಶುರುವಾಯಿತು, ಅದರ ಜೊತೆಗೇ ಮಲಬದ್ಧತೆಗೆ ಮದ್ದು. ಮಾರ್ಫಿನ್ ಕೊಡುವಾಗ ಇದನ್ನೂ ಕೊಟ್ಟರಾ ಅಂತ ಕೇಳಿಕೊಳ್ಳಿ, ಆಮೇಲೆ ಒದ್ದಾಡಬೇಡಿ. ಸಿಸಿಲಿ ಸಾಂಡರ್ಸ್ ಅನ್ನುವವರು 1967ರಲ್ಲಿ ಲಂಡನ್ನಿನಲ್ಲಿ ವಾಸಿಯಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಶುರು ಮಾಡಿದರು. ನೋವು ಅಂದರೆ ಮೈಯದ್ದು ಮಾತ್ರ ಅಲ್ಲ, ಮನಸ್ಸಿನದ್ದು, ಮನೆಯವರದ್ದು, ‘ಯಾಕೆ ನಾನೇ’ ಅನ್ನುವುದು ಎಲ್ಲಾ ಸೇರಿದ್ದು ಅನ್ನುವುದು ಅವರ ಮಾತಿನ ತಿರುಳು. ನನ್ನ ಜಡೆಯ ದೂರು ಆ ಲೆಕ್ಕದಲ್ಲಿ ಸಣ್ಣದೇನೂ ಆಗಿರಲಿಲ್ಲ.

ನೋವು ಹತ್ತಕ್ಕೆ ಮೂರಕ್ಕೆ ಇಳಿದ ಮೇಲೆ ಮೊದಲು ಕಂಡದ್ದು ನನ್ನ ಹದಿನಾಲ್ಕು ದಿನದ ಲಯ. ನನ್ನ ಕೀಮೋ ಎರಡು ವಾರಕ್ಕೊಮ್ಮೆ. ಕಾಲರ್ ಮೂಳೆಯ ಕೆಳಗೆ ಚರ್ಮದಡಿ, ರಕ್ತಕ್ಕೆ ಮದ್ದು ಬಿಡಲು ಪೋರ್ಟ್ ಅನ್ನುವ ಸಣ್ಣ ಡಬ್ಬಿ ಇದೆ. ಅದಕ್ಕೆ ಸೂಜಿ ಚುಚ್ಚಿ, ಸೊಂಟದ ಚೀಲದಲ್ಲಿ ಪಂಪ್ ಇಟ್ಟು ಮನೆಗೆ ಕಳಿಸುತ್ತಾರೆ. 46 ಗಂಟೆ ಅದು ಆಗಾಗ ಜುಯ್ ಅನ್ನುತ್ತಾ ಮದ್ದು ತಳ್ಳುತ್ತಿರುತ್ತದೆ. ಮೊದಲ ಎರಡು ರಾತ್ರಿ, ವಾಂತಿ ತಡೆಯಲು ಕೊಡುವ ಸ್ಟೀರಾಯ್ಡ್‌ನಿಂದ ನಿದ್ದೆ ಇಲ್ಲ. ನಾಲ್ಕನೇ ದಿನಕ್ಕೆ ಸ್ಟೀರಾಯ್ಡ್ ಇಳಿದು, ಗಾಳಿ ಹೋದ ಬಲೂನು. ಏಳನೇ ದಿನದವರೆಗೂ ಹಾಗೇ. ಒಂಬತ್ತರ ಮೇಲೆ ನಾನು ನಾನಾಗುತ್ತೇನೆ. ಅಂದರೆ ಪ್ರತಿ ಹದಿನಾಲ್ಕರಲ್ಲಿ ಐದಾರು ಒಳ್ಳೆಯ ದಿನ, ಅದರಲ್ಲೂ ಬೆಳಗ್ಗೆ ಎರಡು ಮೂರು ಗಂಟೆ.

ಇದು ಗೊತ್ತಾದ ಮೇಲೆ ನಾಲ್ಕರಿಂದ ಏಳನೇ ದಿನದವರೆಗೆ ನನ್ನಿಂದ ಏನನ್ನೂ ಬಯಸುವುದಿಲ್ಲ. ಖುಷಿ ಇಲ್ಲ, ಸ್ಫೂರ್ತಿ ಇಲ್ಲ, ಫೋನ್ ಇಲ್ಲ. ಮಲಗುವುದು. ಒಳ್ಳೆಯ ಬೆಳಗುಗಳಲ್ಲಿ ಆಸ್ಪತ್ರೆ ಕಾಗದ, ವಿಚಾರಿಸಿಕೊಳ್ಳುವ ನೆಂಟರು, ಬ್ಯಾಂಕ್ ಫೋನು ಯಾವುದೂ ಬೇಡ. ಅದೆಲ್ಲ ಮಧ್ಯಾಹ್ನದ ಮೇಲೆ. ಕೆಲವರಿಗೆ ಬೇಜಾರಾಗಿದೆ. ಆಗಲಿ ಬಿಡಿ.

ಆ ಬೆಳಗುಗಳಲ್ಲಿ ಏನು ಮಾಡುತ್ತೇನೆ ಅಂದರೆ, ಹೇಳಿದರೆ ನಗು ಬರಬಹುದು.

ನನ್ನ ಮಂಚದ ಎದುರಿನ ಗೋಡೆಗೆ ಬೆಳಗ್ಗೆ ಕಿಟಕಿಯಿಂದ ಬಿಸಿಲು ಬೀಳುತ್ತದೆ. ಕಿಟಕಿ ಸರಳುಗಳ ನೆರಳಿನಿಂದ ಅದು ಮೂರು ಪಟ್ಟಿಯಾಗಿರುತ್ತದೆ. ಇದು ಶುರುವಾದದ್ದು ಮಾತ್ರ ಒಳ್ಳೆಯ ದಿನದಲ್ಲಲ್ಲ, ಪಂಪ್ ಕಟ್ಟಿಕೊಂಡು ಮಲಗಿದ್ದ ಒಂದು ಬೆಳಗ್ಗೆ. ಆ ಬಿಸಿಲು ಬೀರುವಿನ ಹಿಡಿಕೆ ಮೇಲಿತ್ತು. ಪಂಪು ಕೆಲವು ಸಲ ಜುಯ್ ಅನ್ನುವಷ್ಟರಲ್ಲಿ ಹಿಡಿಕೆ ನೆರಳಿಗೆ ಹೋಗಿತ್ತು. ಎದ್ದು ಪೆನ್ಸಿಲ್ ತಂದು ಬಿಸಿಲಿನ ಅಂಚಿಗೆ ಗೋಡೆ ಮೇಲೆ ಗೆರೆ ಎಳೆದೆ. ಕೂತು ನೋಡಿದೆ. ಬಿಸಿಲು ಚಲಿಸುವುದು ಕಾಣುವುದಿಲ್ಲ, ಗೆರೆ ದಾಟಿದ್ದು ಮಾತ್ರ ಕಾಣುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ನಾಲ್ಕು ನಿಮಿಷಕ್ಕೆ 1 ಡಿಗ್ರಿ. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ. ಹಾಗಾದರೆ ಸೂರ್ಯ ತನ್ನಷ್ಟೇ ಅಗಲದ ಜಾಗ ಸರಿಯಲು ಎರಡು ನಿಮಿಷ ಸಾಕು. ಮಕ್ಕಳಿಗೆ ವರ್ಷವರ್ಷವೂ ಮಾಡಿಸಿದ ಲೆಕ್ಕ ಇದು. ನಾನು ಮಲಗಿದ್ದ ಮಂಚ, ಬೀರು, ಸೊಂಟದ ಪಂಪು ಎಲ್ಲವನ್ನೂ ಹೊತ್ತುಕೊಂಡು ಭೂಮಿ ತಿರುಗುತ್ತಿದೆ, ಅದು ಹಿಡಿಕೆಯ ಮೇಲೆ ಕಾಣುತ್ತಿದೆ! ಮೈ ಜುಮ್ಮೆಂದಿತು. ಈ ಸಲದ ಜುಮ್ಮು ಮದ್ದಿನದ್ದಲ್ಲ.

ಪುಟ್ಟಿ ಒಳಗೆ ಬಂದು, "ಅಮ್ಮಾ, ಗೋಡೆ ಮೇಲೆ ಯಾಕೆ ಗೀಚ್ತಿದ್ದೀಯ?" ಅಂದಳು. ತೋರಿಸಿದೆ. ಅವಳೂ ಮಂಚದ ಮೇಲೆ ಹತ್ತಿ ಕೂತಳು. ಎರಡು ನಿಮಿಷ ಇಬ್ಬರೂ ಮಾತಾಡಲಿಲ್ಲ. ಅಂಚು ಗೆರೆ ದಾಟಿತು. "ಹೋಯ್ತು" ಅಂದಳು. ಅಷ್ಟೇ. ಸಮುದ್ರದ ದಡದಲ್ಲಿ ಎರಡು ದಿನ ಹುಡುಕಿ ಸಿಗದೇ ಇದ್ದದ್ದು ಇಲ್ಲಿ ಎರಡು ನಿಮಿಷಕ್ಕೆ ಬಂದು ಹೋಯಿತು. ಆ ಗೋಡೆಯ ಮೇಲೆ ಈಗ ಇಪ್ಪತ್ತಕ್ಕೂ ಜಾಸ್ತಿ ಗೆರೆಗಳಿವೆ. ಬಣ್ಣ ಹೊಡೆಸುವಾಗ ಏನು ಮಾಡುತ್ತಾರೋ ನೋಡಬೇಕು.

ಇದನ್ನೇ ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಒಂದು ಹೊತ್ತಿಗೆ ಒಂದೇ ವಸ್ತು, ಅದರಲ್ಲೂ ಒಂದೇ ಮಗ್ಗುಲು. ಮಳೆ ಬಂದರೆ ಅದರ ಸದ್ದು ಮಾತ್ರ. ಒಗೆದ ಟವೆಲ್ ಮುಖಕ್ಕೆ ಒತ್ತಿಕೊಂಡರೆ ಅದರ ಒರಟು ಮಾತ್ರ. ಬೆರಳಿಗೆ ಸ್ಪರ್ಶ ಕಡಿಮೆಯಾಗಿದೆ, ಆದ್ದರಿಂದ ಕೆನ್ನೆಗೆ ಹಚ್ಚಿ ನೋಡುತ್ತೇನೆ. ಚೆನ್ನಾಗಿದೆ ಅನಿಸಿದರೆ ‘ಚೆನ್ನಾಗಿದೆ’ ಅಂತ ಬಾಯಿಬಿಟ್ಟು ಹೇಳುತ್ತೇನೆ. ಮನಸ್ಸಲ್ಲೇ ಅಂದುಕೊಂಡರೆ ಜಾರಿಹೋಗುತ್ತದೆ, ಬಾಯಲ್ಲಿ ಹೇಳಿದರೆ ಒಂದು ಕ್ಷಣ ಜಾಸ್ತಿ ನಿಲ್ಲುತ್ತದೆ. ಯಾಕೆ ಅಂತ ಕೇಳಬೇಡಿ, ನನಗೆ ಹಾಗೆ. ಆಮೇಲೆ ಬಿಟ್ಟುಬಿಡುವುದು. ಬರೆದಿಡುವುದಿಲ್ಲ. ನಾಳೆ ಇದೇ ಹೊತ್ತಿಗೆ ಇದೇ ಜಾಗದಲ್ಲಿ ಕಾಯುತ್ತಾ ಕೂರುವುದೂ ಇಲ್ಲ. ಕಾದು ಕೂತ ದಿನ ಒಮ್ಮೆಯೂ ಬಂದಿಲ್ಲ.

ಎಲ್ಲಾ ದಿನ ಸಿಗುತ್ತದೆ ಅಂತಲ್ಲ. ವಾರಗಟ್ಟಲೆ ಏನೂ ಇರಲಿಲ್ಲ. ಟವೆಲ್ ಬರೀ ಟವೆಲ್.

‘ಕೊನೇ ಸಲ’ ಅನ್ನುವ ಯೋಚನೆಯ ಬಗ್ಗೆ ಹೇಳಬೇಕು, ಯಾಕೆಂದರೆ ಅದು ಬಿಟ್ಟು ಹೋಗುವುದಿಲ್ಲ. ಅದನ್ನು ಪೂರ್ತಿ ಓಡಿಸಲು ನೋಡಿದೆ, ಆಗಲಿಲ್ಲ. ಈಗ ಮದ್ದಿನ ಹಾಗೆ ಡೋಸ್ ಲೆಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಸ್ವಲ್ಪ ಇದ್ದರೆ ಒಳ್ಳೆಯದೇ ಮಾಡುತ್ತದೆ. ಕಾಲೇಜು ಮುಗಿಯಲು ಆರು ವಾರ ಉಳಿದಿದ್ದ ವಿದ್ಯಾರ್ಥಿಗಳ ಮೇಲೆ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಉಳಿದಿರುವ ಕಾಲ ತುಂಬಾ ಕಡಿಮೆ ಅನ್ನುವ ಹಾಗೆ ಯೋಚಿಸಿ ಬರೆದವರು, ಇನ್ನೂ ಬೇಕಾದಷ್ಟಿದೆ ಅಂದುಕೊಂಡು ಬರೆದವರಿಗಿಂತ ಆ ದಿನಗಳನ್ನು ಹೆಚ್ಚು ಖುಷಿಯಾಗಿ ಕಳೆದರು. ಇದ್ದ ಕಾಲ ಇಬ್ಬರಿಗೂ ಒಂದೇ. ಆದರೆ ಅವರಿಗೆ ಮುಗಿಯುತ್ತಿದ್ದದ್ದು ಕಾಲೇಜು. ನನಗೆ ಡೋಸ್ ಸ್ವಲ್ಪ ಜಾಸ್ತಿಯಾದರೂ ಸಮುದ್ರದ ದಡದ ಕಥೆಯೇ ಆಗುತ್ತದೆ. ಹಾಗಾಗಿ ಆ ಯೋಚನೆ ಬಂದಾಗ ‘ಹೂಂ, ಇರಬಹುದು’ ಅಂತೇನೆ. ವಾದಕ್ಕೆ ಇಳಿಯುವುದಿಲ್ಲ. ಕೈಯಲ್ಲಿರುವ ಕೆಲಸ ಮುಂದುವರಿಸುತ್ತೇನೆ. ಮಡಚುತ್ತಿದ್ದ ಬಟ್ಟೆ ಮಡಚುವುದು.

ಸ್ಕ್ಯಾನ್ ವಾರದಲ್ಲಿ ಇದ್ಯಾವುದೂ ಕೆಲಸ ಮಾಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಸಿಟಿ ಸ್ಕ್ಯಾನ್. ಅದಕ್ಕೆ ಮೊದಲಿನ ವಾರ ಮನೆಯವರೆಲ್ಲ ಸಣ್ಣಪುಟ್ಟದ್ದಕ್ಕೆ ಜಗಳ ಆಡುತ್ತೇವೆ. ವಯಸ್ಸಾದ ದಂಪತಿ ಗೊಣಗಿಕೊಂಡು ಹೋಗುತ್ತಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಎಷ್ಟು ವರ್ಷ ಗೊಣಗೋಕೆ ಸಿಕ್ಕಿದೆ ಇವರಿಗೆ! ‘ಧೈರ್ಯವಾಗಿರಿ, ಹೋರಾಡಿ’ ಅನ್ನುವವರ ಫೋನ್ ಕಟ್ ಮಾಡಿದ್ದೂ ಇದೆ. ಯಾರ ಜೊತೆ ಹೋರಾಡುವುದು? ನನ್ನದೇ ಕರುಳು.

ಹೋದ ಸಲ ಸ್ಕ್ಯಾನಿಗೆ ಕಾಯುತ್ತಾ ಕೂತಿದ್ದೆ. ಕೈಗೆ ಸೂಜಿ ಚುಚ್ಚಿ ಟೇಪ್ ಹಚ್ಚಿದ್ದರು. ಸ್ಕ್ಯಾನ್ ಮಾಡುವಾಗ, ಚಿತ್ರ ಸ್ಪಷ್ಟವಾಗಿ ಕಾಣಲಿ ಅಂತ ಅದರಲ್ಲಿ ಕಾಂಟ್ರಾಸ್ಟ್ ಅನ್ನುವ ಮದ್ದು ಬಿಡುತ್ತಾರೆ. ಅದು ಒಳಗೆ ಹೋದ ಕೂಡಲೇ ಮೈಯೆಲ್ಲ ಬಿಸಿಯಾಗಿ, ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡ ಹಾಗನಿಸುತ್ತದೆ. ಎಷ್ಟನೇ ಸಲವಾದರೂ ಒಮ್ಮೆ ಗಾಬರಿಯಾಗಿ ಮುಟ್ಟಿ ನೋಡಿಕೊಳ್ಳಬೇಕು ಅನಿಸುತ್ತದೆ. ಅದನ್ನೇ ಯೋಚಿಸುತ್ತಾ ಕೂತಿದ್ದಾಗ ಯಾರದ್ದೋ ಮಗು, ಎರಡು ಎರಡೂವರೆ ವರ್ಷದ್ದು, ಹೆಜ್ಜೆ ಇಟ್ಟರೆ ದೀಪ ಹೊತ್ತುವ ಶೂ ಹಾಕಿಕೊಂಡು ಬಂತು. ಒಂದು ಹೆಜ್ಜೆ ಇಡುವುದು, ಬಗ್ಗಿ ದೀಪ ನೋಡುವುದು. ಬಗ್ಗುವಷ್ಟರಲ್ಲಿ ದೀಪ ಆರಿರುತ್ತದೆ. ಮತ್ತೆ ಎದ್ದು ಇನ್ನೊಂದು ಹೆಜ್ಜೆ, ಮತ್ತೆ ಬಗ್ಗುವುದು, ಮತ್ತೆ ಆರಿರುವುದು. ಒಂದೇ ಒಂದು ಸಲವೂ ಸಿಗಲಿಲ್ಲ ಅದಕ್ಕೆ. ಪ್ರತಿ ಸಲವೂ ಮೊದಲಿನಷ್ಟೇ ನಂಬಿಕೆಯಿಂದ ಬಗ್ಗುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಮೂಗಿಗೆ ಆಕ್ಸಿಜನ್ ಟ್ಯೂಬ್ ಹಾಕಿಕೊಂಡಿದ್ದ ಹಿರಿಯರೂ ನಗಲು ಶುರು ಮಾಡಿದರು, ನಕ್ಕು ಕೆಮ್ಮು ಹತ್ತಿತು, ಕೆಮ್ಮುತ್ತಾ ನಗುತ್ತಾ ಕೈಯಿಂದ ಮಗುವಿನ ಕಡೆ ತೋರಿಸಿದರು. ಅಷ್ಟರಲ್ಲಿ ನನ್ನ ಹೆಸರು ಕರೆದರು.

ಭಯ ಹೋಗಿತ್ತಾ? ಇಲ್ಲ. ಅಂಗೈ ಬೆವರಿತ್ತು. ನಗುವಾಗಲೂ ಬೆವರಿತ್ತು. ಮೊದಲು ನಾನು ಭಯ ಹೋದ ಮೇಲೆ ಖುಷಿ ಬರುತ್ತದೆ ಅಂತ ಸರದಿ ಕಾಯುತ್ತಿದ್ದೆ. ಅವೆರಡೂ ಒಂದೇ ಬೆಂಚಿನ ಮೇಲೆ ಕೂರುತ್ತವೆ.

ಮನೆಯವರ ವಿಷಯ ಬೇರೆ. ನನ್ನ ಎದುರಿಗೆ ನಗಲು ಅವರಿಗೆ ಅಪರಾಧ ಮಾಡಿದ ಹಾಗೆ. ನಾನು ರೂಮಿಗೆ ಬಂದರೆ ಟೀವಿ ಸದ್ದು ಕಡಿಮೆಯಾಗುತ್ತಿತ್ತು. ಇದು ಬಿಟ್ಟುಹೋದದ್ದು ಕಾಗದಪತ್ರ ಮಾಡಲು ಕೂತ ದಿನ. ನಾನೇ ಹಟ ಹಿಡಿದೆ. "ರೀ, ಇವತ್ತು ಎಲ್ಲಾ ಮುಗಿಸಿಬಿಡೋಣ. ನನಗೆ ತಲೆ ಸರಿ ಇರೋವಾಗಲೇ." ಖಾತೆಗಳಿಗೆ ನಾಮಿನಿ ಯಾರು, ನನಗೆ ಹೇಳಲು ಆಗದಿದ್ದಾಗ ಚಿಕಿತ್ಸೆ ಬಗ್ಗೆ ಯಾರು ತೀರ್ಮಾನ ಮಾಡಬೇಕು, ವೆಂಟಿಲೇಟರ್ ಬೇಕಾ ಬೇಡವಾ, ಕೊನೆಗೆ ಮನೆಯಲ್ಲಾ ಆಸ್ಪತ್ರೆಯಲ್ಲಾ. ಅವರ ಕೈ ನಡುಗುತ್ತಿತ್ತು, ಆದರೂ ಬರೆದರು. ಕೊನೆಗೆ ಪಾಸ್‌ವರ್ಡ್‌ಗಳು. ನನ್ನವನ್ನೆಲ್ಲ ಹೇಳಿ, ನಿಮ್ಮದೂ ಹೇಳಿ ಅಂದೆ. ತುಂಬಾ ಹೊತ್ತು ಹೇಳಲೇ ಇಲ್ಲ. ಒತ್ತಾಯ ಮಾಡಿದ ಮೇಲೆ ಹೇಳಿದರು. ನನ್ನ ಹೆಸರೇ. ಅದೂ ತಪ್ಪು ಸ್ಪೆಲ್ಲಿಂಗ್‌ನಲ್ಲಿ.

"ಇಷ್ಟು ವರ್ಷ ಸಂಸಾರ ಮಾಡಿ ನನ್ನ ಹೆಸರು ಬರೆಯೋಕೆ ಬರಲ್ವಾ?"

"ಬೇಕಂತಲೇ ಹಾಕಿದ್ದು ಕಣೇ. ಸರಿಯಾಗಿ ಹಾಕಿದ್ರೆ ಯಾರಾದ್ರೂ ಕಂಡುಹಿಡೀತಾರೆ."

ಸುಳ್ಳು. ಮದುವೆಯಾದ ಹೊಸದರಲ್ಲಿ ಬರೆದ ಪತ್ರಗಳಲ್ಲೂ ಅದೇ ತಪ್ಪಿತ್ತು. ಇಬ್ಬರೂ ನಕ್ಕೆವು, ಕಣ್ಣೊರೆಸಿಕೊಂಡೆವು, ಮತ್ತೆ ನಕ್ಕೆವು. ಪುಟ್ಟಿ ಏನಾಯ್ತೋ ಅಂತ ಓಡಿ ಬಂದಳು. ಕಾಗದವನ್ನೆಲ್ಲ ಫೈಲಿಗೆ ಹಾಕಿ ಬೀರುವಿನಲ್ಲಿ ಇಟ್ಟ ಮೇಲೆ ಅದು ಅಲ್ಲಿದೆ, ನಮ್ಮ ನಡುವೆ ಇಲ್ಲ. ಅವತ್ತಿನಿಂದ ಟೀವಿ ಸದ್ದು ಕಡಿಮೆ ಮಾಡುವುದಿಲ್ಲ. ನಾನೇ ಈಗ ಕಡಿಮೆ ಮಾಡಿ ಅಂತ ಕೂಗಬೇಕು.

ಇವತ್ತು ಹನ್ನೊಂದನೇ ದಿನ. ಮುಂದಿನ ಸ್ಕ್ಯಾನಿಗೆ ಇನ್ನೂ ಮೂರು ವಾರ ಇದೆ. ಬೆಳಗ್ಗೆ ಪುಟ್ಟಿ ಬಾಚಣಿಗೆ ಹಿಡಿದು ಬಂದು ನನ್ನ ಕಾಲ ಬಳಿ ನೆಲದ ಮೇಲೆ ಕೂತಳು. ಅವಳಿಗೆ 19. ಜಡೆ ಹಾಕಿಸಿಕೊಳ್ಳುವ ವಯಸ್ಸು ಯಾವತ್ತೋ ದಾಟಿದೆ, ನನಗೋಸ್ಕರ ಕೂರುತ್ತಾಳೆ ಅಂತ ಗೊತ್ತು. ಅವಳಿಗೂ ನನಗೆ ಗೊತ್ತು ಅಂತ ಗೊತ್ತು. ಕೂದಲು ಇನ್ನೂ ಒದ್ದೆ ಇತ್ತು. ಮೂರು ಪಾಲು ಮಾಡಿದೆ. ಬೆರಳಿಗೆ ಎಳೆಗಳು ತಿಳಿಯುವುದಿಲ್ಲ, ಗ್ಲೌಸ್ ಹಾಕಿಕೊಂಡು ಮುಟ್ಟಿದ ಹಾಗೆ. ಕಣ್ಣಲ್ಲೇ ನೋಡಿ ನೋಡಿ ಹೆಣೆಯಬೇಕು. ಎಡದ್ದು ಮೇಲೆ, ಬಲದ್ದು ಮೇಲೆ. ಕುತ್ತಿಗೆ ಹತ್ತಿರ ಒಂದು ಸಣ್ಣ ಮಚ್ಚೆ ಇದೆ ಅವಳಿಗೆ, ಹುಟ್ಟಿದಾಗಿನಿಂದ ಇದ್ದದ್ದು. ನೀರಿನ ಹನಿ ಒಂದು ಅದರ ಮೇಲೆ ಬಂದು ನಿಂತಿತು. "ಚೆನ್ನಾಗಿದೆ" ಅಂದೆ. "ಏನು?" ಅಂದಳು. "ಏನಿಲ್ಲ, ತಲೆ ಅಲ್ಲಾಡಿಸಬೇಡ."

ಅರ್ಧಕ್ಕೆ ಬಂದಾಗ ಒಂದು ಪಾಲು ಕೈಯಿಂದ ಜಾರಿ, ಹೆಣೆದದ್ದೆಲ್ಲ ಬಿಚ್ಚಿಹೋಯಿತು. ಅವಳಿಗೆ ಕಾಲೇಜಿಗೆ ಹೊತ್ತಾಗುತ್ತಿತ್ತು. ಗಡಿಯಾರ ನೋಡಿ, ಬಾಚಣಿಗೆಯನ್ನು ಹಿಂದಕ್ಕೆ ನನ್ನ ಕಡೆ ಚಾಚಿದಳು.

"ಇನ್ನೊಂದ್ಸಲ ಹಾಕಮ್ಮ."